ಹೊಳೆ ದಾಟದವನ ಹೆಸರು

ಕಳೆದ ವಾರ ಸಿಂಧನೂರಿನಲ್ಲಿ ಬಿ.ಪಿ. ಮಾತ್ರೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದೆ. ಹೊಸ ಬಟ್ಟೆ ಅಂಗಡಿಯೊಂದರ ಮೆಟ್ಟಿಲಿಗೆ ರಸ್ತೆ ಬದಿಯಲ್ಲೇ ಗ್ರಾನೈಟ್ ಕೊಯ್ಯುತ್ತಿದ್ದರು. ಒಬ್ಬ ಮಶೀನು ಹಿಡಿದಿದ್ದ, ಇನ್ನೊಬ್ಬ ಬಾಟಲಿಯಿಂದ ನೀರು ಬಿಡುತ್ತಿದ್ದ. ಕಾದ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಸುಣ್ಣದ ಹಾಗೂ ಅಲ್ಲ, ಮಣ್ಣಿನ ಹಾಗೂ ಅಲ್ಲ. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನನಗೆ ಮಾತ್ರ ಸಿಟ್ಟು ಬಂತು. ಮೂರು ವರ್ಷದ ಹಿಂದೆ ಒಂದಿಡೀ ಮಳೆಗಾಲ ನನ್ನ ಅಂಗಿಗೆ ಆ ವಾಸನೆ ಹತ್ತಿತ್ತು. ಅಂಗಿ ಎಷ್ಟೋ ಸಲ ಒಗೆತ ಕಂಡಿದೆ. ಸಿಟ್ಟು ಹೋಗಿಲ್ಲ.

ನಮ್ಮೂರು ಬಳಗಾನೂರಿಗೆ ಹತ್ತಿರ, ಸಿಂಧನೂರಿನಿಂದ ಮಸ್ಕಿಗೆ ಹೋಗುವ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ. ಊರ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿತ್ತು. ಉಳಿ ಮುಟ್ಟದ ಕಲ್ಲು, ಮೇಲೆ ಒಂದಕ್ಷರವೂ ಇಲ್ಲ. ನಿಜಾಮನ ರಾಜ್ಯದ ಕೊನೆಯ ದಿನಗಳಲ್ಲಿ, ರಜಾಕಾರರ ಹಾವಳಿ ಜೋರಾದಾಗ, ನಮ್ಮ ಹಿರಿಯರು ಮನೆಗಳಿಗೆ ಕೀಲಿ ಹಾಕಿ ತುಂಗಭದ್ರೆ ದಾಟಿ ಬಳ್ಳಾರಿ ಸೀಮೆಗೆ ಹೋದರು. ಅಲ್ಲಿ ತಿಂಗಳುಗಟ್ಟಲೆ ಗುಡಾರಗಳಲ್ಲಿ, ಕಂಡವರ ಜಗುಲಿಗಳಲ್ಲಿ ಪರದೇಶಿಗಳಾಗಿ ಇದ್ದರು. ಅವರು ಊರಿಗೆ ಬೆನ್ನು ಮಾಡಿದ ಜಾಗಕ್ಕೆ ಆ ಕಲ್ಲು ಗುರುತು. ಹೊಳ್ಳಿ ಬಂದ ಮೇಲೆ ನಿಲ್ಲಿಸಿದ್ದು.

ಪ್ರತಿವರ್ಷ ಶೀಗಿ ಹುಣ್ಣಿಮೆಯ ಬೆಳಿಗ್ಗೆ ಊರವರು ಅಲ್ಲಿ ಸೇರುತ್ತಿದ್ದೆವು. ಹಿರಿಯರೊಬ್ಬರು ಒಂದೊಂದೇ ಮನೆಯ ಹೆಸರು ಕೂಗುವರು. ಆ ಮನೆಯವರು ಯಾರಾದರೂ "ಬಂದೀವಿ" ಅನ್ನಬೇಕು. ಹೊಳ್ಳಿ ಬಂದ ದಿನ ಯಾರು ಬಂದರು, ಯಾರು ಅಲ್ಲೇ ಸತ್ತರು ಎಂದು ತಿಳಿಯಲು ಕೂಗಿದ್ದೇ ಪದ್ಧತಿಯಾಗಿ ಉಳಿದಿತ್ತು. ಹತ್ತೊಂಬತ್ತು ಮನೆ. ಕೊನೆಗೆ ಇಪ್ಪತ್ತನೆಯದಾಗಿ ಮೌಲಾಸಾಬ ನದಾಫನ ಮನೆ. ಅವರು ಮಾತ್ರ "ಇಲ್ಲೇ ಇದ್ದೀವಿ" ಅನ್ನುತ್ತಿದ್ದರು. ಕಲ್ಲಿಗೆ ಸುಣ್ಣ ಹಚ್ಚುವುದೂ ಅವರದೇ ಕೆಲಸ.

ಮೌಲಾಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಊರು ಬಿಟ್ಟಾಗ ಗಂಡಸರು ಹೊಲಗಳ ಬದು ಹಿಡಿದು ಒಬ್ಬೊಬ್ಬರಾಗಿ ನಡೆದುಹೋದರು. ಹೆಂಗಸರನ್ನೂ ಮಕ್ಕಳನ್ನೂ ಹಾಗೆ ಕಳಿಸುವಂತಿರಲಿಲ್ಲ. ಅವರನ್ನು ತನ್ನ ಹತ್ತಿ ಗಾಡಿಯಲ್ಲಿ ಹೊಳೆ ದಂಡೆಗೆ ಮುಟ್ಟಿಸಿದವನು ಅವನು. ಮುಂದೆ ಬುರ್ಖಾ ತೊಟ್ಟ ಇಬ್ಬರು ಹೆಂಗಸರು, ಹಿಂದೆ ಹತ್ತಿ ಅಂಡಿಗೆಗಳ ನಡುವೆ ಮಕ್ಕಳು. ದಾರಿಯಲ್ಲಿ ತಡೆದವರಿಗೆ ತನ್ನ ಉರ್ದು ಮಾತಿನಲ್ಲೇ, ಹೆಂಡತಿಯ ತಂಗಿಯ ಮದುವೆಗೆ ಹೊರಟಿದ್ದೇವೆ, ಗಾದಿಯ ಹತ್ತಿ ಒಯ್ಯುತ್ತಿದ್ದೇವೆ ಎನ್ನುತ್ತಿದ್ದನಂತೆ. ಅವನ ಮನೆಯಲ್ಲಿ ಇದ್ದದ್ದು ಎರಡೇ ಬುರ್ಖಾ. ಆದ್ದರಿಂದ ಒಂದು ಖೇಪಿಗೆ ಇಬ್ಬರೇ ದೊಡ್ಡ ಹೆಂಗಸರು. ದಂಡೆಯಲ್ಲಿ ಅವರನ್ನು ಹರಿಗೋಲಿಗೆ ಹತ್ತಿಸಿ, ಬುರ್ಖಾ ಬಿಚ್ಚಿಸಿಕೊಂಡು, ಹೊಳ್ಳಿ ಬಂದು ಮತ್ತಿಬ್ಬರನ್ನು ಕೂಡಿಸಬೇಕು. ಕೆಲವು ಮನೆಗಳ ಹೆಂಗಸರು ಹಾವಳಿ ಜೋರಾಗುವ ಮೊದಲೇ ದಾಟಿದ್ದರು, ಉಳಿದವರಿಗೆ ಹೀಗೆ ಐದು ಖೇಪು. ಆಗ ತಾನೇ ಮದುವೆಯಾಗಿ ಬಂದಿದ್ದ ನಮ್ಮವ್ವ, ನಮ್ಮಜ್ಜಿಯ ಜೊತೆ ಎರಡನೇ ಖೇಪಿನಲ್ಲಿ ಹೋದವಳು. ಐದು ಖೇಪು ಮುಗಿದ ಮೇಲೂ ಅವನು ಹೊಳೆ ದಾಟಲಿಲ್ಲ. ಊರಿನಲ್ಲಿ ಕಟ್ಟಿದ ದನಗಳಿಗೆ ನೀರು ಕುಡಿಸುವವರು ಬೇಕಿತ್ತು. ಹತ್ತೊಂಬತ್ತು ಮನೆಯ ಕೀಲಿಕೈಗಳು ಅವನ ಹತ್ತಿರವೇ ಇದ್ದವು.

ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ದೊಡ್ಡ ರಸ್ತೆಯನ್ನು ಅಗಲ ಮಾಡಲು ಬಂದರು. ಕಲ್ಲು ಅಡ್ಡ ಬಂತು. ಅದನ್ನು ಇಪ್ಪತ್ತು ಹೆಜ್ಜೆ ಒಳಗೆ ಸರಿಸಿ ಪಕ್ಕದಲ್ಲಿ ಒಂದು ಸ್ಮಾರಕ ಶಿಲೆ ನಿಲ್ಲಿಸುವುದು, ದೇಶಾಂತರ ಹೋದವರ ಹೆಸರು ಕೊರೆಸುವುದು ಎಂದು ಊರಲ್ಲಿ ಮಾತಾಯಿತು. ಮಾತು ಎತ್ತಿದವನು ನಾನೇ. "ಹೆಸರು ಕೂಗೋರು ಎಷ್ಟು ದಿನ ಇರ್ತಾರ? ಕಲ್ಲಿನ ಮ್ಯಾಲೆ ಬರದ್ರ ಉಳೀತದ" ಅಂದಿದ್ದೆ. ಒಂದು ಸಮಿತಿ ಆಯಿತು. ಶರಣಪ್ಪಗೌಡ ಅಧ್ಯಕ್ಷ.

ಮೊದಲ ಸಭೆಯಲ್ಲೇ ಹೆಸರಿಗೆ ಜಗಳ. ಮುತ್ತಜ್ಜ ಹುಟ್ಟಿದ್ದು ಯಾವಾಗ ಎಂದೇ ಗೊತ್ತಿಲ್ಲದವರೂ ಅವನ ಹೆಸರು ಹಿಡಿದುಕೊಂಡು ಬಂದರು. ಒಬ್ಬ ತನ್ನ ಅಜ್ಜ ಆ ದಿನಗಳಲ್ಲಿ ಗುರುಗುಂಟಾಕ್ಕೆ ಹೋಗಿದ್ದ ಅಂದ.

"ಅಲ್ಲಿ ಯಾರಿದ್ರು?" ಎಂದು ಕೇಳಿದೆ.

"ಅಜ್ಜಿ ತವರುಮನಿ ರೀ."

"ಗುರುಗುಂಟಾನೂ ನಿಜಾಮಂದ ಆಗಿತ್ತು. ಹೆಂಡತಿ ತವರಿಗೆ ಹೋಗಿ ರೊಟ್ಟಿ ಉಂಡು ಬಂದ್ರ ಅದಕ್ಕ ದೇಶಾಂತರ ಅನ್ನಂಗಿಲ್ಲಪ."

"ನಮ್ಮಜ್ಜಿ ತವರಾಗ ಎರಡು ದಿನ ಇದ್ದು ನೋಡ್ರಿ ಸರ, ಆಮ್ಯಾಲೆ ಹೇಳ್ರಿ" ಅಂದ. ಎಲ್ಲರೂ ನಕ್ಕರು, ಆದರೆ ಅವನು ಹೆಸರು ಹಿಂದೆ ತೆಗೆದುಕೊಳ್ಳಲಿಲ್ಲ.

ಶರಣಪ್ಪಗೌಡ ನನ್ನ ಕಡೆ ತಿರುಗಿದ. "ವೀರಪ್ಪಣ್ಣ, ಯಾದಿ ನೀ ಮಾಡು. ಮೂವತ್ತನಾಲ್ಕು ವರ್ಷ ಕಾಲುವಿ ನೀರು ಅಳದಾಂವ ನೀ. ನೀ ಬರದದ್ದಕ್ಕ ಯಾರೂ ಎದುರು ಆಡಂಗಿಲ್ಲ."

ನನಗೆ ಹೆಮ್ಮೆಯಾಯಿತು. ನಾನು ಜವಳಗೇರಾ ಕಡೆಯ ಕಾಲುವೆಗಳ ಮೇಲೆ ಗೇಜ್ ರೀಡರ್ ಆಗಿದ್ದವನು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರಿನ ಮಟ್ಟ ನೋಡಿ ಬರೆಯುವುದು ಕೆಲಸ. ಮಳೆ ಇರಲಿ, ಹಬ್ಬ ಇರಲಿ, ಮನೆಯಲ್ಲಿ ಹೆಣ ಬಿದ್ದಿರಲಿ, ಆರಕ್ಕೆ ಅಲ್ಲಿ ಇರಬೇಕು. ಗೇಜ್ ದಾಟಿದ ನೀರಿಗೆ ಮಾತ್ರ ದಾಖಲೆ. ಈಚೆಯೇ ನಿಂತದ್ದು ನಮ್ಮ ಪುಸ್ತಕಕ್ಕೆ ಬರುವುದಿಲ್ಲ. ಕಾಲುವೆಯ ತುದಿಯ ರೈತರು ಬಂದು ಬೈದರೂ, ಮೇಲಿನವರು ಬಂದು ಬೇಡಿದರೂ ನಾನು ಒಂದು ಇಂಚು ಹೆಚ್ಚು ಕಡಿಮೆ ಬರೆದವನಲ್ಲ.

ಅದೇ ಅಳತೆಯನ್ನು ಯಾದಿಗೂ ಹಚ್ಚಿದೆ. ಹೊಳೆ ದಾಟಿ ಆಚೆ ದಂಡೆಯಲ್ಲಿ ಒಂದು ರಾತ್ರಿಯಾದರೂ ಮಲಗಿದವರ ಮನೆಗೆ ಮಾತ್ರ ಜಾಗ. ಬೇರೆ ಯಾರಿಗೂ ಇಲ್ಲ. ಎರಡನೇ ಸಭೆಯಲ್ಲಿ ಈ ನಿಯಮ ಓದಿದೆ, ಒಪ್ಪಿದರು. ಗುರುಗುಂಟಾದ ಅಜ್ಜ ಯಾದಿಯಿಂದ ಹೋದ. ಶರಣಪ್ಪಗೌಡನ ಬೀಗರ ಪೈಕಿ ಒಂದು ಮನೆ ಹೋಯಿತು. ಗೌಡ ಮುಖ ಹುಳಿ ಮಾಡಿಕೊಂಡ, ಆದರೆ ಸುಮ್ಮನಾದ. ಹತ್ತೊಂಬತ್ತು ಮನೆ ಉಳಿದವು. ದುಂಡಗೆ ಬರೆದು ಲಿಂಗಸುಗೂರಿಗೆ ಹೋಗಿ ಶಿಲ್ಪಿ ಮೌನೇಶನ ಕೈಗೆ ಕೊಟ್ಟು ಬಂದೆ.

ಮೌನೇಶನ ಅಂಗಡಿ ಎಂದರೆ ಒಂದು ತಗಡಿನ ಶೆಡ್ಡು, ಸುತ್ತ ಇಳಕಲ್ಲಿನ ಕೆಂಪು ಕಲ್ಲು, ಕಾಲಿಟ್ಟಲ್ಲೆಲ್ಲ ಕೆಸರಾದ ಕಲ್ಲಿನ ಪುಡಿ. ಆ ತಿಂಗಳಲ್ಲಿ ಎಷ್ಟು ಸಲ ಮಸ್ಕಿಯಲ್ಲಿ ಬಸ್ ಬದಲಿಸಿ ಅಲ್ಲಿಗೆ ಹೋದೆನೋ. ಒಮ್ಮೆ ಅಳತೆ, ಒಮ್ಮೆ ಅಕ್ಷರದ ನಮೂನೆ. ಪ್ರತಿ ಸಲವೂ ಮಳೆ. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಒದ್ದೆ ಕೊಡೆ ಹಿಡಿದು ಕೂತು, ಈ ಊರಿನ ಬಂಡೆಯ ಮೇಲೆ ಅಶೋಕ ತನ್ನ ಹೆಸರು ಬರೆಸುವಾಗ ಅವನಿಗೆ ಸಮಿತಿ ಇರಲಿಲ್ಲ, ಪುಣ್ಯವಂತ, ಎಂದುಕೊಳ್ಳುತ್ತಿದ್ದೆ.

ಭತ್ತ ನಾಟಿ ಜೋರಾಗಿದ್ದ ಒಂದು ದಿನ ಹುಸೇನಮ್ಮಕ್ಕ ನಮ್ಮ ಮನೆಗೆ ಬಂದಳು. ಮೌಲಾಸಾಬನ ಮಗಳು. ಎಂಬತ್ತು ದಾಟಿದೆ. ಗಂಡ ತೀರಿದ ಮೇಲೆ ತವರಿಗೇ ಬಂದು, ಗಾದಿ ಹೊಲಿಯುವ ಮಗನ ಜೊತೆ ಇದ್ದಾಳೆ. ನಾನು ಊಟಕ್ಕೆ ಕೂತಿದ್ದೆ. ನನ್ನ ಹೆಂಡತಿ ನೀಲಮ್ಮ ಅವಳಿಗೂ ತಾಟು ಹಾಕಿದಳು. ಅವಳು ಮುಟ್ಟಲಿಲ್ಲ.

"ಲೇ ವೀರಪ್ಪ, ಯಾದಿ ಮಾಡೀದಿ ಅಂತ ಕೇಳ್ದೆ. ನಮ್ಮಪ್ಪನ್ನ ಎಷ್ಟನೇದಾಂವ ಮಾಡೀದಿ?"

ನಾನು ನಿಯಮ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಂದ್ರ ಇಲ್ಲ."

"ಅಕ್ಕ, ಅದು ಊರು ಬಿಟ್ಟು ಹೋದೋರ ಕಲ್ಲು. ನಿಮ್ಮಪ್ಪ ದಂಡಿ ತನಕ ಬಂದಾನ, ಖರೆ. ಹೊಳಿ ದಾಟಿಲ್ಲ."

"ಅಂವ ದಾಟಿದ್ರ ಎರಡನೇ ಖೇಪಿಗೆ ನಿಮ್ಮವ್ವನ್ನ ಯಾರು ತರ್ತಿದ್ರೋ?"

ನಾನು ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದೆ.

"ಎಲ್ಲಾರೂ ಹೋಗಿ ಉಳಕೊಂಡ್ರು" ಎಂದಳು. "ಅಂವ ಐದು ಸಲ ಹೋಗಿ ಐದು ಸಲ ಈ ಬೆಂಕಿಗೆ ಹೊಳ್ಳಿ ಬಂದ. ಐದನೇ ಸಲ ಬರೂದ್ರಾಗ ರಜಾಕಾರರು ಗಾಡಿ ತಪಾಸ ಮಾಡಿ, ಖಾಲಿ ಗಾಡಿಯಾಗ ಎರಡು ಬುರ್ಖಾ ಯಾಕ ಅವ ಅಂತ ಹೊಡದ್ರು. ಎಡಗೈ ಕಡೀತನ ಮ್ಯಾಲೆ ಏಳಲಿಲ್ಲ. ಒಂದ ಕೈಲೆ ಹತ್ತಿ ಹಿಂಜಿದ. ನಿನ್ನ ಗೇಜಿಗೆ ಇದು ಸಿಗಲಿಲ್ಲೇನು?"

ಹೆಸರು ಸೇರಿಸಬೇಕು ಎಂದು ಆ ಗಳಿಗೆಯೇ ನನಗೆ ಅನಿಸಿತು. ಬಾಯಿಗೆ ಬಂದದ್ದು ಬೇರೆ. "ಸಭೆದಾಗ ಇಡ್ತೀನಕ್ಕ. ಸಭೆ ಮಾಡಿದ ನಿಯಮ ಸಭೇನ ಬದಲಿ ಮಾಡಬೇಕು."

"ಇಡು, ಇಡು" ಎಂದು ಅವಳು ಕೋಲು ಊರಿಕೊಂಡು ಎದ್ದಳು. ಹೋದ ಮೇಲೆ ನೀಲಮ್ಮ ತಾಟು ಎತ್ತುತ್ತ, "ಲಿಂಗಸುಗೂರಿನಾಂವಗ ಒಂದು ಫೋನ್ ಮಾಡ್ರಿ. ಒಂದು ಹೆಸರು ಸೇರಸಪ ಅನ್ನಾಕ ಎಷ್ಟೊತ್ತು ಬೇಕು?" ಅಂದಳು.

"ಇವತ್ತು ನಾ ಫೋನ್ ಮಾಡಿ ಒಂದು ಹೆಸರು ಸೇರಿಸಿದ್ರ ನಾಳೆ ಗೌಡ ಫೋನ್ ಮಾಡಿ ನಾಲ್ಕು ಸೇರಸ್ತಾನ" ಅಂದೆ.

ಆ ಮಾತು ಸುಳ್ಳಲ್ಲ. ಆದರೆ ಅದರ ಹಿಂದೆ ಅಡಗಿ ಕೂತವನು ನಾನು. ನಿಯಮ ನನ್ನದು, ಅದು ನನ್ನ ಕೈಯಿಂದಲೇ ಮುರಿಯಬಾರದು ಎಂಬ ಹಟ.

ಸಭೆ ಕರೆಯಿರಿ ಎಂದು ಗೌಡನ ಮನೆಗೆ ಹೋದೆ. ನಾಟಿ ಮುಗಿಯಲಿ ಅಂದ. ನಾಟಿ ಮುಗಿಯಿತು. ಆಮೇಲೆ ಅವನು ರಾಯಚೂರಿಗೆ ಹೋದ. ಬಂದ ಮೇಲೆ ಮಳೆ ಹಿಡಿಯಿತು, ಪಂಚಾಯ್ತಿ ಕಟ್ಟೆ ಸೋರುತ್ತಿತ್ತು. ನಾನು ದಿನ ಬೆಳಿಗ್ಗೆ ಹಾಲು ತಂದಷ್ಟೇ ನಿಯಮವಾಗಿ ಅವನ ಬಾಗಿಲಿಗೆ ಹೋಗಿ ಕೇಳುತ್ತಿದ್ದೆ. ಅವನು ದಿನಾಲೂ ನನ್ನನ್ನು ಕೂಡಿಸಿ ಚಹಾ ಕುಡಿಸಿ, "ಆಗಲೇಳಣ್ಣ, ಹೆಸರು ಎಲ್ಲಿ ಓಡಿ ಹೋಗ್ತದ" ಅನ್ನುತ್ತಿದ್ದ. ಆ ನಡುವೆ ಶೀಗಿ ಹುಣ್ಣಿಮೆಯನ್ನು ಕೈಬಿಟ್ಟು ಸೆಪ್ಟೆಂಬರಿನ ವಿಮೋಚನಾ ದಿನಕ್ಕೇ ಉದ್ಘಾಟನೆ ಎಂದು ಗೊತ್ತು ಮಾಡಿದರು. ಗಣ್ಯರು ಅವತ್ತೇ ಸಿಗುತ್ತಾರಂತೆ. ಅಂಥದ್ದಕ್ಕೆ ಸಭೆ ಬೇಕಾಗಲಿಲ್ಲ.

ಹುಸೇನಮ್ಮಕ್ಕ ಬಂದು ಹೋದ ಹದಿನೆಂಟನೆಯ ದಿನ ಮೌನೇಶನೇ ಫೋನ್ ಮಾಡಿದ. "ಕೊರದಾತ್ರಿ ಸರ. ನೋಡಾಕ ಬರ್ರಿ."

ಓಡಿದೆ. ಕೆಂಪು ಕಲ್ಲು ಗೋಡೆಗೆ ಒರಗಿ ನಿಂತಿತ್ತು. ಮೇಲಿನ ಅರ್ಧದಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ದೊಡ್ಡ ಅಕ್ಷರದಲ್ಲಿ. ಕೆಳಗಿನ ಅರ್ಧದಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮ ಹತ್ತೊಂಬತ್ತು ಮನೆ. ಮೇಲಿನ ಹೆಸರುಗಳ ಯಾದಿ ಯಾವ ಸಭೆಯಲ್ಲಿ ಒಪ್ಪಿಗೆಯಾಯಿತೋ ನನಗೆ ಗೊತ್ತಿಲ್ಲ. ಗೌಡ ಫೋನಿನಲ್ಲಿ ಕಳಿಸಿದ್ದನಂತೆ.

"ಮೌನೇಶ, ಒಂದು ಹೆಸರು ಬಿಟ್ಟದಪ."

ಅವನು ಯಾದಿಯ ಹಾಳೆ ತೆಗೆದು ಕಲ್ಲಿನ ಪಕ್ಕ ಹಿಡಿದ. "ನೀವು ಬರದದ್ದು ನೋಡ್ರಿ. ಒಂದು ಕೊಂಬು ತಪ್ಪಿದ್ರ ಹೇಳ್ರಿ."

ತಪ್ಪಿರಲಿಲ್ಲ. ನನ್ನದೇ ದುಂಡು ಅಕ್ಷರ.

"ಕೆಳಗ ಜಾಗ ಐತೇನು?"

"ಕೆಳಗ ಎರಡು ಬೆರಳು ಐತ್ರಿ. ಕಟ್ಟಿ ಮ್ಯಾಲೆ ಕುಂದರಿಸಿದ್ರ ಅದು ಸಿಮೆಂಟಿನಾಗ ಹೋಗ್ತದ. ಮ್ಯಾಲೆ ಯಾರ್ನಾರ ತಗೀಬೇಕಂದ್ರ ನೀವು ಅವರನ್ನ ಕೇಳಿ ಬರ್ರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಉದ್ಘಾಟನೆಗೆ ಎರಡು ದಿನ ಮುಂಚೆ ಇನ್ನೊಂದು ಅನಾಹುತ ಕಂಡೆ. ಹಳೇ ಕಲ್ಲನ್ನು ಹೊಸ ಕಟ್ಟೆಯ ಪಕ್ಕ ನಿಲ್ಲಿಸಬೇಕಾಗಿತ್ತು. ಕೆಲಸದವರು ಅದನ್ನು ಪಾಯಕ್ಕೆ ಹಾಕಿ ಮೇಲೆ ಕಾಂಕ್ರೀಟು ಸುರಿದಿದ್ದರು. ಕೇಳಿದರೆ, "ಸುಣ್ಣದ ಕಲ್ಲು ಅಲ್ರೀ ಅದು? ಗಟ್ಟಿ ಐತಿ ಅಂತ ತಳಕ್ಕ ಹಾಕೀವಿ" ಅಂದರು. ಅದರ ಮೇಲೆ ಏನಾದರೂ ಬರೆದಿದ್ದರೆ ನೋಡುತ್ತಿದ್ದರಂತೆ. ಅಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ. ಬೈದರೆ ಕಾಂಕ್ರೀಟು ಮೆತ್ತಗಾಗುತ್ತದೆಯೇ?

ಉದ್ಘಾಟನೆಯ ದಿನ ಬೆಳಿಗ್ಗೆ ಜನ ಬಹಳ ಸೇರಿದ್ದರು. ಶಾಮಿಯಾನ, ಧ್ವಜ, ಶಾಲೆಯ ಮಕ್ಕಳ ಹಾಡು. ಗಣ್ಯರು ತಡವಾಗಿ ಬಂದರು. ಪರದೆ ಸರಿಸಿದ ಮೇಲೆ ಯಾದಿ ಓದಲು ನನ್ನನ್ನು ಕರೆದರು. ಮೈಕು ಹಿಡಿದು ಕಲ್ಲಿನ ಮುಂದೆ ನಿಂತೆ. ಒಂದೊಂದೇ ಮನೆ ಓದಿದೆ. ರೂಢಿಯಂತೆ ಜನರ ನಡುವಿನಿಂದ "ಬಂದೀವಿ, ಬಂದೀವಿ" ಎಂದು ದನಿ ಬರುತ್ತಿತ್ತು. ಗಣ್ಯರು ಅದೇನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಹತ್ತೊಂಬತ್ತು ಮುಗಿಯಿತು.

ಹೆಂಗಸರ ಸಾಲಿನ ತುದಿಯಲ್ಲಿ ಹುಸೇನಮ್ಮಕ್ಕ ಎದ್ದು ನಿಂತಿದ್ದಳು. ಯಾದಿಯಲ್ಲಿ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಎದ್ದಿದ್ದಳು. ಊರವರೂ ನನ್ನ ಕಡೆ ನೋಡುತ್ತಿದ್ದರು, ಇನ್ನೊಂದು ಇದೆ ಎಂದು ಅವರಿಗೂ ಗೊತ್ತು. ಮೈಕು ನನ್ನ ಕೈಯಲ್ಲೇ ಇತ್ತು. ನಾನು ಕಲ್ಲು ನೋಡಿದೆ. ಕಲ್ಲಿನಲ್ಲಿ ಅಲ್ಲಿಗೆ ಮುಗಿದಿತ್ತು. "ಇಲ್ಲಿಗೆ ಯಾದಿ ಮುಗಿಯಿತು" ಎಂದೆ. ನಿರೂಪಣೆ ಮಾಡುತ್ತಿದ್ದವನು ಮೈಕು ತೆಗೆದುಕೊಂಡು ಮುಂದಿನ ಕಾರ್ಯಕ್ರಮ ಹೇಳಿದ.

ಸಂಜೆ ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಗಾದಿಯ ಅಂಚಿಗೆ ಸೂಜಿ ಹಾಕುತ್ತಿದ್ದಳು.

"ಅಕ್ಕ, ಕಲ್ಲಿನ್ಯಾಗ ಇರಲಿಲ್ಲ. ಅದಕ್ಕ…"

"ಕಲ್ಲಿನ್ಯಾಗ ಇರಲಿಲ್ಲ, ಖರೆ" ಎಂದಳು, ಸೂಜಿಯಿಂದ ಕಣ್ಣೆತ್ತದೆ. "ನಿನ್ನ ಬಾಯಾಗೂ ಇರಲಿಲ್ಲೇನು?"

ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಆಮೇಲಿನದು ಅರ್ಜಿಗಳ ಕಥೆ. ಮೊದಲ ಅರ್ಜಿ ಸಮಿತಿಗೆ. ಉದ್ಘಾಟನೆಯಾದ ದಿನವೇ ಸಮಿತಿ ವಿಸರ್ಜನೆಯಾಗಿದೆ ಎಂದು ಗೌಡ ಹೇಳಿದ. ಅದಕ್ಕೂ ಸಭೆ ಆಗಿರಲಿಲ್ಲ. ಎರಡನೆಯದು ಒಂದು ಕಚೇರಿಗೆ. ಉದ್ಘಾಟನೆಯಾದ ಶಿಲೆಯನ್ನು ತಿದ್ದಲು ಬರುವುದಿಲ್ಲ ಎಂದರು. ಹಾಗಾದರೆ ಪಕ್ಕದಲ್ಲಿ ಒಂದು ಸಣ್ಣ ಕಲ್ಲು ನಿಲ್ಲಿಸುತ್ತೇವೆ ಎಂದು ಮೂರನೆಯದು ಇನ್ನೊಂದು ಕಚೇರಿಗೆ. ಆ ಜಾಗ ರಸ್ತೆಗೆ ಸೇರಿದ್ದು, ಅಳತೆ ಮಾಡಿಸಿ ನೋಡಬೇಕು ಎಂದರು. ಅಳತೆಯವರು ಇನ್ನೂ ಬಂದಿಲ್ಲ. ಮೂರೂ ಅರ್ಜಿಗಳಲ್ಲಿ ನಾನು ಒಂದೇ ವಾಕ್ಯ ಬರೆದಿದ್ದೆ: 'ಕಣ್ತಪ್ಪಿನಿಂದ ಬಿಟ್ಟುಹೋದ ಹೆಸರನ್ನು ಸೇರಿಸುವ ಕುರಿತು.'

ಒಪ್ಪಿಗೆ ಬರುವ ಮೊದಲೇ, ಯಾರನ್ನೂ ಕೇಳದೆ, ಮೌನೇಶನಿಂದ ಆ ಸಣ್ಣ ಕಲ್ಲು ಕೊರೆಸಿದೆ. ಮೌಲಾಸಾಬ ನದಾಫ, ಐದು ಸಲ ಹೊಳೆಯ ದಂಡೆಗೆ ಮುಟ್ಟಿಸಿ ಹೊಳ್ಳಿ ಬಂದವನು, ಎಂದು ಬರೆಸಿದೆ. ನನ್ನ ಜೀವನದಲ್ಲಿ ಮಂಜೂರಿ ಇಲ್ಲದೆ ಮಾಡಿದ ಕೆಲಸ ಅದೊಂದೇ. ಕಲ್ಲನ್ನು ಊರಿಗೆ ತಂದದ್ದೇನೋ ಆಯಿತು, ನಿಲ್ಲಿಸಲು ಜಾಗ ಇಲ್ಲ. ನಮ್ಮ ಪಡಸಾಲೆಯಲ್ಲಿ ಬಾಗಿಲಿನ ಪಕ್ಕ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಎರಡು ಮಳೆಗಾಲ ಕಳೆದವು.

ಕಳೆದ ವಾರ ಸಿಂಧನೂರಿನಿಂದ ಮಾತ್ರೆ ತೆಗೆದುಕೊಂಡು ಮನೆಗೆ ಬಂದಾಗ ಹುಸೇನಮ್ಮಕ್ಕ ಕೂತಿದ್ದಳು. ನೀಲಮ್ಮ ಚಹಾ ಕೊಟ್ಟಿದ್ದಳು. ಅವಳಿಗೆ ಓದು ಬರುವುದಿಲ್ಲ. ಬಂದಾಗಲೆಲ್ಲ ಕಲ್ಲಿನ ಮೇಲೆ ಕೈಯಾಡಿಸಿ, ಹೆಸರು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನನ್ನಿಂದ ತೋರಿಸಿಕೊಳ್ಳುತ್ತಾಳೆ. ಅವತ್ತೂ ತೋರಿಸಿದೆ.

"ಅಳತಿ ಮಾಡೋರು ಬಂದ್ರೇನು?"

"ಇಲ್ಲಕ್ಕ."

ಅವಳು ಬಾಗಿಲು ನೋಡಿದಳು, ಕಲ್ಲು ನೋಡಿದಳು.

"ಅವತ್ತು ನೀವೆಲ್ಲ ಹೋದಾಗ ನಿಮ್ಮ ಮನಿ ಕಾದ. ಇವತ್ತೂ ನಿಮ್ಮ ಬಾಗಲಾ ಕಾಯಾಕತ್ತಾನ. ನಮ್ಮಪ್ಪನ ನಸೀಬು ಅಷ್ಟ ನೋಡು, ವೀರಪ್ಪ."

ಚಹಾ ಮುಗಿಸಿ ಎದ್ದಳು. ನೀಲಮ್ಮ ಓಣಿಯ ತಿರುವಿನವರೆಗೆ ಬಿಟ್ಟು ಬರಲು ಹೋದಳು. ನಾನು ನಾಲ್ಕನೆಯ ಅರ್ಜಿ ಬರೆಯಲು ಕೂತೆ. 'ವಿಷಯ' ಎಂದು ಬರೆದು, ಮುಂದೆ ರೂಢಿಯಂತೆ 'ಕಣ್ತಪ್ಪಿನಿಂದ' ಎಂದು ಬರೆದೆ. ಪೆನ್ನು ಅಲ್ಲಿ ನಿಂತಿತು. ಅದನ್ನು ಹೊಡೆದುಹಾಕಿ, ಮೇಲೆ, 'ನಾನು ಗೊತ್ತಿದ್ದೂ ಬಿಟ್ಟ ಹೆಸರಿನ ಕುರಿತು' ಎಂದು ಬರೆದೆ. ಹೊಡೆದುಹಾಕಿದ ಗೆರೆ ಇದ್ದ ಹಾಳೆಯನ್ನು ನಾನು ಯಾವ ಕಚೇರಿಗೂ ಕೊಟ್ಟವನಲ್ಲ. ಇದನ್ನು ಹಾಗೇ ಕೊಟ್ಟೆ.